ಹೂವಕ್ಕನ ಹೆಪ್ಪು

ನಮ್ಮ ಊರಿನಲ್ಲಿ ಯಾರಿಗಾದರೂ ನಾಲ್ಕು ಏಟು ಬಿಡಬೇಕು ಅನ್ನಿಸಿದರೆ ಬೆಳಿಗ್ಗೆಯಿಂದಲೇ ತಯಾರಿ ಮಾಡಿಕೊಳ್ಳಬೇಕು. ಸಿಟ್ಟು ಬಂತು, ಎದ್ದೆ, ಬಡಿದೆ ಅನ್ನುವ ಹಾಗಿಲ್ಲ. ಅವನು ಇವತ್ತು ಯಾರ ಮನೆಯ ಮೊಸರು ಉಂಡಿದ್ದಾನೆ, ನಾನು ಯಾರ ಮನೆಯದು ಉಂಡಿದ್ದೇನೆ ಅಂತ ಮೊದಲು ವಿಚಾರ ಮಾಡಬೇಕು. ಒಂದೇ ಹೆಪ್ಪಿನ ಮೊಸರು ಇಬ್ಬರ ಹೊಟ್ಟೆಯಲ್ಲೂ ಇದ್ದರೆ ಮುಗೀತು. ಮರುದಿನ ಹೊತ್ತು ಹುಟ್ಟುವ ತನಕ ಒಬ್ಬರ ಮೇಲೆ ಒಬ್ಬರ ಕೈ ಏಳುವುದಿಲ್ಲ. ಬೈಯಬಹುದು, ಬಾಯಿ ನೋಯುವ ತನಕ ಬೈಯಬಹುದು. ಕೈ ಮಾತ್ರ ಹಿಂಡಿ ಹಾಕಿದ ಅರಿವೆಯ ಹಾಗೆ ತೊಡೆಯ ಪಕ್ಕ ಜೋತುಬಿದ್ದಿರುತ್ತದೆ.

ಇದು ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನಾನು ರೊಟ್ಟಿ ಬಡಿಯುವವಳು, ನನಗೆ ರೊಟ್ಟಿಯ ವಿಚಾರ ಕೇಳಿ. ನಾವು ಕಣ್ಣು ಬಿಟ್ಟಾಗಿನಿಂದ ಇದು ಹೀಗೇ ಇದೆ, ಇದಕ್ಕೆ ಹೊಂದಿಕೊಂಡೇ ಬದುಕಿದ್ದೇವೆ. ಸಾಲಿ ಮಾಸ್ತರು ಪರೀಕ್ಷೆಯ ವಾರದಲ್ಲಿ ಯಾರ ಮನೆಗೆ ಹೋದರೂ ಮಜ್ಜಿಗೆ ಮುಟ್ಟುವುದಿಲ್ಲ. ಬೆತ್ತ ಕೆಲಸಕ್ಕೆ ಬರಬೇಕಲ್ಲ. ಕುಸ್ತಿ ಹಿಡಿಯುವ ಪೈಲವಾನರಿಗೆ ಅವರವರ ಅವ್ವಂದಿರೇ ಮನೆಯ ಮೊಸರಿನ ಗಡಿಗೆ ಕಟ್ಟಿ ಕಳಿಸುತ್ತಾರೆ. ಗಂಡನ ಮನೆಗೆ ಹೋಗುವ ಹೆಣ್ಣಿಗೆ ತವರಿನ ಹೆಪ್ಪನ್ನು ಒಂದು ಕುಡಿಕೆಯಲ್ಲಿ ಹಾಕಿ ಕೊಡುತ್ತಾರೆ. ಅದನ್ನು ಅತ್ತೆಯ ಮೊಸರಿಗೆ ಯಾವಾಗ ಬೆರೆಸಬೇಕು ಅನ್ನುವುದು ಅವಳ ಖುಷಿ, ಅಲ್ಲಿಯ ತನಕ ತನ್ನದನ್ನೇ ಉಣ್ಣುತ್ತಾಳೆ. ನಾನು ಬೆರೆಸಿದ್ದು ಹದಿನೇಳನೆಯ ದಿನ. ಆ ಹದಿನೇಳು ದಿನ ನನ್ನ ಗಂಡ ಭರಮಪ್ಪ ನನ್ನ ಜೊತೆ ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದ.

ಹೆಪ್ಪಿನ ವಿಷಯದಲ್ಲಿ ನಮಗೆ ಎರಡೇ ಕಟ್ಟು. ಕೇಳಿದವರಿಗೆ ಇಲ್ಲ ಅನ್ನಬಾರದು, ಅವರು ಯಾರೇ ಆಗಿರಲಿ. ಕೇಳದವರಿಗೆ ಕೊಡಬಾರದು, ಅವರು ಎಷ್ಟೇ ಬೇಕಾದವರಾಗಿರಲಿ. ಕೇಳದೆ ಕೊಟ್ಟ ಹೆಪ್ಪು ಹಾಲನ್ನು ಕೆಡಿಸುತ್ತದೆ.

ಊರಿನ ಹೆಪ್ಪುಗಳಲ್ಲೆಲ್ಲ ಹಳೆಯದು, ದೊಡ್ಡದು ಅಂದರೆ ಹೂವಕ್ಕನ ಖಾನಾವಳಿಯದು. ಊರ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಸೇತುವೆ, ಸೇತುವೆಯ ಪೂರ್ವದ ಬಾಯಲ್ಲಿ ಖಾನಾವಳಿ. ಹೂವಕ್ಕನಿಗೆ ಅದು ಅವಳ ಅಜ್ಜಿಯ ಅಜ್ಜಿಯಿಂದ ಬಂದದ್ದು. ಒಂದು ದಿನವೂ ಹೆಪ್ಪು ತಪ್ಪಿದ್ದಿಲ್ಲ. ಕರಿ ಗಡಿಗೆಯಲ್ಲಿ ಮೊಸರು ಮುಗಿಯುವ ಮೊದಲೇ ಒಂದು ಸೌಟು ಎತ್ತಿಟ್ಟು ಕಾಯಿಸಿದ ಹಾಲಿಗೆ ಬಿಡುತ್ತಿದ್ದಳು. ಹೂವಕ್ಕನಿಗೆ ಆಗ ಅರವತ್ತೈದು ದಾಟಿತ್ತು. ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ, ಬೆನ್ನು ಮಾತ್ರ ನೆಟ್ಟಗಿತ್ತು. ನಾನು ಅವಳ ಹತ್ತಿರ ಇಪ್ಪತ್ತೆರಡು ವರ್ಷ ರೊಟ್ಟಿ ಬಡಿದಿದ್ದೇನೆ. ಬಾಳವ್ವನ ರೊಟ್ಟಿ, ಹೂವಕ್ಕನ ಮೊಸರು ಅಂತ ಹೆಸರಾಗಿತ್ತು. ಸುಳ್ಳಲ್ಲ, ಬೇಕಾದರೆ ವಿಚಾರಿಸಿ.

ನನ್ನ ಗಂಡನ ಮನೆ ಹಳ್ಳದ ಪೂರ್ವಕ್ಕೆ, ತವರು ಪಶ್ಚಿಮಕ್ಕೆ. ತವರಿನಲ್ಲಿ ನನ್ನ ತಮ್ಮ ತಿಪ್ಪಣ್ಣ. ನನ್ನ ಗಂಡನಿಗೂ ತಮ್ಮನಿಗೂ ಒಂದು ಟಗರಿನ ಜಗಳ. ನಮ್ಮ ಮದುವೆಗೆ ತಿಪ್ಪಣ್ಣ ಒಂದು ಟಗರು ಕೊಡುತ್ತೇನೆ ಅಂದಿದ್ದ, ಕೊಟ್ಟದ್ದು ಕುಂಟ ಟಗರು. ಕೊಡುವಾಗ ನೆಟ್ಟಗಿತ್ತು ಅಂತ ತಮ್ಮ, ಹುಟ್ಟಾ ಕುಂಟ ಅಂತ ಗಂಡ. ಟಗರು ಸತ್ತು ಎಷ್ಟೋ ವರ್ಷ ಆಗಿತ್ತು. ಜಗಳ ಮಾತ್ರ ದಷ್ಟಪುಷ್ಟವಾಗಿತ್ತು. ವಾರಕ್ಕೊಮ್ಮೆ ಹೂವಕ್ಕ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ರೊಟ್ಟಿಗೂ ಮೊದಲು ಮಜ್ಜಿಗೆ ಕುಡಿಸಿ, "ಈಗ ಮಾತಾಡ್ರಿ" ಅನ್ನುತ್ತಿದ್ದಳು.

ಇಂಥ ಊರಿಗೆ ಯುದ್ಧ ಬಂತು. ರಾಜಧಾನಿಯಲ್ಲಿ ಒಂದು ಕುರ್ಚಿ ಇತ್ತಂತೆ, ಕೂಡುವವರು ಇಬ್ಬರಾದರಂತೆ. ಹೊರಗಿನವರು ಯಾರೂ ಬಂದು ಹೊಡೆಯಲಿಲ್ಲ. ನಮ್ಮ ದೇಶವನ್ನು ನಾವೇ ಸೀಳಿಕೊಂಡೆವು. ಪೂರ್ವಕ್ಕೆ ಅಡಿವೆಪ್ಪ ವಕೀಲರು ಯಜಮಾನರಾದರು, ಪಶ್ಚಿಮಕ್ಕೆ ರಾಚಪ್ಪ ಸುಬೇದಾರರು. ನಮ್ಮ ಹಳ್ಳವೇ ಗಡಿಯಾಯಿತು. ಮನೆಗೊಬ್ಬ ಗಂಡಸು ಬರಬೇಕು ಅಂತ ಎರಡೂ ಕಡೆಯಿಂದ ಹುಕುಂ ಬಂತು. ಪೂರ್ವದ ಓಣಿಯಿಂದ ನನ್ನ ಗಂಡನನ್ನು ಕರೆದುಕೊಂಡು ಹೋದರು, ಪಶ್ಚಿಮದ ಓಣಿಯಿಂದ ನನ್ನ ತಮ್ಮನನ್ನು. ಇಬ್ಬರಿಗೂ ಬಂದೂಕು ಕೊಟ್ಟರು. ಒಂದೇ ಕುಂಟ ಟಗರಿಗೆ ಬಡಿದಾಡಿದವರು ಈಗ ಎರಡು ದೇಶದವರು.

ಮೂರು ವರ್ಷ ಯುದ್ಧ ನಮ್ಮನ್ನು ಬಿಟ್ಟು ಬೇರೆ ಬೇರೆ ಕಡೆ ನಡೆಯಿತು. ಪಕ್ಕದ ಊರು ಈಗ ಇಲ್ಲ. ಅಲ್ಲಿಂದ ನನಗೆ ಬಳೆ ತೊಡಿಸಲು ಬರುತ್ತಿದ್ದ ಮುದುಕಿ ಇಲ್ಲ, ಅವಳ ಮೂವರು ಸೊಸೆಯರೂ ಇಲ್ಲ. ಅಲ್ಲಿಯ ಹೊಗೆಯನ್ನು ಎರಡು ದಿನ ನಮ್ಮ ಅಂಗಳದಲ್ಲಿ ನಿಂತು ನೋಡಿದೆವು. ಅವತ್ತು ನಾನು ಬಡಿದ ರೊಟ್ಟಿ ಯಾರೂ ತಿನ್ನಲಿಲ್ಲ, ನಾನೂ ತಿನ್ನಲಿಲ್ಲ.

ಬೇಸಿಗೆಯ ನಡುವಿನಲ್ಲಿ ಎರಡೂ ದಂಡು ನಮ್ಮ ಸೇತುವೆಗೆ ಬಂದು ಬಿಡಾರ ಹೂಡಿದವು. ಈ ಸೇತುವೆ ಯಾರದೋ ದೇಶ ಅವರದು ಅಂತ ಮಾತು. ಈಚೆಯ ಬಿಡಾರದಲ್ಲಿ ಭರಮಪ್ಪನಿದ್ದ, ಆಚೆಯದರಲ್ಲಿ ತಿಪ್ಪಣ್ಣನಿದ್ದ. ಸೇತುವೆ ಎಷ್ಟು ಉದ್ದ ಅಂದುಕೊಂಡಿರಿ? ಈ ತುದಿಯಲ್ಲಿ ಸೀನಿದರೆ ಆ ತುದಿಯಲ್ಲಿ ಕೇಳುತ್ತದೆ. ಎದುರುಬದುರು ನಿಂತು ಹೊಡೆದರೆ ಯಾರ ಗುಂಡು ಯಾರಿಗೆ ಬಿತ್ತು ಅಂತ ನಾನು ನನ್ನ ಕಣ್ಣಾರೆ ನೋಡಬೇಕಾಗಿತ್ತು. ಗಂಡ ಗೆದ್ದರೆ ತಮ್ಮ ಇಲ್ಲ, ತಮ್ಮ ಗೆದ್ದರೆ ಗಂಡ ಇಲ್ಲ. ಯಾವ ದೇವರ ಮುಂದೆ ನಿಂತರೂ ಏನು ಬೇಡಬೇಕು ಅಂತಲೇ ನನಗೆ ತಿಳಿಯುತ್ತಿರಲಿಲ್ಲ.

ಬಂದ ದಿನವೇ ಇಬ್ಬರು ಯಜಮಾನರೂ ಖಾನಾವಳಿಗೆ ಬಂದರು, ಅರ್ಧ ಗಂಟೆಯ ರಾಜಿ ಮಾಡಿಕೊಂಡು. ಮೂರು ವರ್ಷದಲ್ಲಿ ಅವರಿಬ್ಬರಿಗೂ ಒಪ್ಪಿಗೆಯಾದ ಮಾತು ಅದೊಂದೇ ಇರಬೇಕು. ಅವರಿಗೆ ಖಾನಾವಳಿ ಹೊಸದಲ್ಲ. ಇಬ್ಬರೂ ಹುಡುಗರಿದ್ದಾಗ ನಮ್ಮ ಊರಿನ ಬೋರ್ಡಿಂಗಿನಲ್ಲಿ ಇದ್ದು ಐದು ವರ್ಷ ಹೂವಕ್ಕನ ಕೈಯಲ್ಲಿ ಉಂಡವರು. ಅದಕ್ಕೇ ಅವರಿಗೆ ಯಾವ ತೋಪಿಗಿಂತಲೂ ಆ ಕರಿ ಗಡಿಗೆಯ ಹೆದರಿಕೆ ಹೆಚ್ಚು.

ಒಬ್ಬರು ಈ ಮೂಲೆಯ ಬಾಕಿನ ಮೇಲೆ, ಒಬ್ಬರು ಆ ಮೂಲೆಯ ಬಾಕಿನ ಮೇಲೆ ಕೂತರು. ಹಿಂದೆ ಬಂದೂಕಿನವರು. ಹೂವಕ್ಕ ಬಡಿಸುತ್ತ ಹೋದಳು.

"ಏನಪಾ ಅಡಿವೆಪ್ಪ, ಉಳ್ಳಾಗಡ್ಡಿ ಈಗರೆ ತಿಂತೀಯೋ, ಇನ್ನೂ ಆರಿಸಿ ಗಂಗಾಳದ ಅಂಚಿಗೆ ಇಡ್ತೀಯೋ?"

ಬಂದೂಕಿನವನೊಬ್ಬ ನಗು ತಡೆಯಲು ಕೆಮ್ಮಿದ. ವಕೀಲರು ಕಿವಿ ಕೆಂಪಗೆ ಮಾಡಿಕೊಂಡು ಉಳ್ಳಾಗಡ್ಡಿಯನ್ನು ಅಂಚಿಗೆ ಸರಿಸಿದರು. ರೊಟ್ಟಿ ಉಂಡರು, ಬದನೆಕಾಯಿ ಪಲ್ಯ ಎರಡು ಸಲ ಹಾಕಿಸಿಕೊಂಡರು. ಹೂವಕ್ಕ ಮೊಸರಿನ ಗಡಿಗೆ ಎತ್ತಿಕೊಂಡು ಬಂದಾಗ ಇಬ್ಬರೂ ಒಟ್ಟಿಗೆ ಬಟ್ಟಲನ್ನು ಬೋರಲು ಹಾಕಿದರು.

ಸುಬೇದಾರರು ಹೇಳಿದರು: "ಹೂವಕ್ಕಾ, ಸಿಟ್ಟಾಗಬ್ಯಾಡ. ಇನ್ನ ಮೂರನೇ ದಿನ ಬಿಸಿಲು ತಗ್ಗಿದ ಮ್ಯಾಲೆ ಸೇತುವೆ ಮ್ಯಾಲೆ ಫೈಸಲಾ. ಅಲ್ಲೀ ತನಕ ನಮ್ಮ ಸಿಪಾಯಿಗಳಿಗೆ ನೀನು ಮೊಸರು, ಮಜ್ಜಿಗಿ ಬಡಸಬಾರದು. ಬಡಸಿದ್ರ ಖಾನಾವಳಿ ಉಳಿಯೂದಿಲ್ಲ. ನನ್ನ ಮಾತು ಅಲ್ಲ ಇದು, ಇಬ್ಬರದೂ."

"ಈ ಬ್ಯಾಸಗಿಯಾಗ ಆ ಮಕ್ಕಳು ಮಜ್ಜಿಗಿ ಇಲ್ಲದ ಒಣ ರೊಟ್ಟಿ ತಿನ್ಬೇಕೇನು?"

"ಅದರ ಕಾಳಜಿ ನಿನಗ ಬ್ಯಾಡ. ನಮ್ಮ ಹತ್ರ ರಾಷ್ಟ್ರೀಯ ಹೆಪ್ಪು ಐತಿ," ಅಂದರು ವಕೀಲರು.

ಹೌದು, ಹಾಗೇ ಅಂದರು. ಪೂರ್ವದವರು ತಮ್ಮ ರಾಜಧಾನಿಯಿಂದ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಹೆಪ್ಪು ತಂದಿದ್ದರು; ಬೀಗ, ಬೀಗದ ಮೇಲೆ ಅರಗಿನ ಮುದ್ರೆ, ಮುಂದೊಬ್ಬ ಕಾವಲಿನವ. ಪಶ್ಚಿಮದವರೂ ತಂದಿದ್ದರು, ಅಂಥದೇ ಪೆಟ್ಟಿಗೆ, ಮುದ್ರೆಯ ಚಿತ್ರ ಮಾತ್ರ ಬೇರೆ. ಒಂದು ದೇಶದ ಹೆಪ್ಪು ಇನ್ನೊಂದಕ್ಕೆ ತಾಗದಿದ್ದರೆ ಕೈಗಳು ಚೆನ್ನಾಗಿ ಏಳುತ್ತವೆ ಅನ್ನುವ ಲೆಕ್ಕ.

ಹೂವಕ್ಕ ಗಡಿಗೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. "ಆತು. ಉಣ್ಣಾಕ ಬಂದ ಸಿಪಾಯಿಗಳಿಗೆ ಮೊಸರು ಬಡಸೂದಿಲ್ಲ. ನನ್ನ ಮಾತು. ಆದ್ರ ಹೆಪ್ಪು ಕೇಳಾಕ ಬಂದವರಿಗೆ ಇಲ್ಲ ಅನ್ನೂದು ನಮ್ಮ ಮನಿತನದಾಗ ಇಲ್ಲ. ಅದನ್ನೂ ಈಗ ಹೇಳಿರ್ತೀನಿ, ಆಮ್ಯಾಲೆ ಹೂವಕ್ಕ ಮೋಸ ಮಾಡಿದ್ಲು ಅನ್ನಬ್ಯಾಡ್ರಿ."

ಇಬ್ಬರೂ ನಕ್ಕರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು ಅನ್ನುವುದೇ ವಿಶೇಷ. "ನಮ್ಮ ಹೆಪ್ಪು ನಮಗಿರೂವಾಗ ನಿನ್ನ ಹತ್ರ ಯಾರು ಬರ್ತಾರ, ಹೂವಕ್ಕಾ?" ಅನ್ನುತ್ತ ಕೈ ತೊಳೆದುಕೊಂಡು ಹೋದರು.

ಊರು ಬಿಡಬೇಕು ಅಂತ ಡಂಗುರ ಸಾರಿದರು. ಯಾರೂ ಬಿಡಲಿಲ್ಲ. ಎಲ್ಲಿಗೆ ಹೋಗುವುದು? ಆಚೆ ಹೋದರೆ ಈಚೆಯವರು, ಈಚೆ ಹೋದರೆ ಆಚೆಯವರು.

ಮರುದಿನ ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಒಬ್ಬ ನಿಂತಿದ್ದ. ಪೂರ್ವದ ದಂಡಿನ ಅಡಿಗೆಯವ, ಕಲ್ಲಪ್ಪ ಅಂತ. ಮುಖದಲ್ಲಿ ರಕ್ತ ಇರಲಿಲ್ಲ. ಕೈಯಲ್ಲೊಂದು ಸಣ್ಣ ತಂಬಿಗೆ.

"ಅಕ್ಕಾರ, ಹೆಪ್ಪು ಸತ್ತೈತ್ರಿ," ಅಂದ. ಮನೆಯಲ್ಲಿ ಹಿರಿಯರು ಹೋದ ಸುದ್ದಿ ಹೇಳುವ ದನಿ.

ಆದದ್ದು ಇಷ್ಟು. ಪೆಟ್ಟಿಗೆ ತೆರೆಯಬೇಕಾದರೆ ವಕೀಲರ ಸಹಿ ಬೇಕು. ವಕೀಲರು ದಾರಿಯುದ್ದಕ್ಕೂ ಭಾಷಣದಲ್ಲಿದ್ದರು. ಕಬ್ಬಿಣದ ಪೆಟ್ಟಿಗೆ ನಾಲ್ಕು ದಿನ ಬಿಸಿಲಲ್ಲಿ ಕಾದಿತ್ತು. ದಿನಕ್ಕೊಮ್ಮೆ ಹೊಸ ಹಾಲು ಕಾಣದ ಹೆಪ್ಪು ಬದುಕುತ್ತದೆಯೇ? ಸಹಿ ಸಿಕ್ಕಿ ಮುಚ್ಚಳ ತೆಗೆದರೆ ಒಳಗೆ ಹುಳ. ರಾಷ್ಟ್ರೀಯ ಹೆಪ್ಪು ಸತ್ತಿತು ಅಂತ ಹೇಳುವ ಧೈರ್ಯ ಯಾರಿಗಿದೆ? ಕಲ್ಲಪ್ಪ ಕಾವಲಿನವನಿಗೂ ಹೇಳದೆ ಬಂದಿದ್ದ.

ಹೂವಕ್ಕ ಕರಿ ಗಡಿಗೆಯ ಮುಚ್ಚಳ ತೆಗೆದು, "ಹಾಲು ಉಗುರುಬೆಚ್ಚಗೆ ಇರಬೇಕು, ಸುಡಬಾರದು. ಬೆರಳಿಟ್ಟು ನೋಡು," ಅಂತ ಹೇಳಿ ಒಂದು ಸೌಟು ಹಾಕಿಕೊಟ್ಟಳು. ಉಳಿದದ್ದನ್ನು ಪೆಟ್ಟಿಗೆಯಲ್ಲೇ ಇಡುತ್ತೇನೆ, ದಿನಾ ಅದರಿಂದಲೇ ಮಾಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಅಂತ ಅವನು ಕಣ್ಣೊರೆಸಿಕೊಂಡು ಹೋದ.

ಅವನು ಹೋದ ಮೇಲೆ ನನಗೆ ಹೊಳೆಯಿತು. ಒಂದು ಕಡೆಯವರಷ್ಟೇ ಉಂಡರೆ ಏನು ಬಂತು? ಪಶ್ಚಿಮದವರೂ ಅದನ್ನೇ ಉಂಡರೆ ಮಾತ್ರ ಸೇತುವೆಯ ಮೇಲೆ ಕೈಗಳು ಜೋಲುತ್ತವೆ, ಇಲ್ಲದಿದ್ದರೆ ಇಲ್ಲ. ನಾನು ಕುಡಿಕೆ ಹುಡುಕಿ ತಂದೆ.

"ಹೂವಕ್ಕಾ, ಒಂದ ಸೌಟು ಹಾಕು. ನಾ ಹಳ್ಳ ದಾಟಿ ಕೊಟ್ಟು ಬರ್ತೀನಿ."

"ಅವರು ಕೇಳ್ಯಾರೇನು?"

"ಕೇಳೂ ತನಕ ಕುಂತ್ರ ಹೆಣ ಬೀಳ್ತಾವ. ನನ್ನ ಗಂಡಂದೋ ತಮ್ಮಂದೋ."

ಅವಳು ನನ್ನ ಕೈಯಿಂದ ಕುಡಿಕೆ ತೆಗೆದುಕೊಂಡು ಬದಿಗಿಟ್ಟಳು. "ಗೊತ್ತೈತಿ ನನಗ. ಆದ್ರೂ ಕೇಳದವರಿಗೆ ಹೆಪ್ಪು ಕೊಡೂದಿಲ್ಲ. ಕಣ್ಣು ತಪ್ಪಿಸಿ ಉಣಿಸಿದ್ರ ಅದು ಹೆಪ್ಪಲ್ಲ, ಮದ್ದು ಹಾಕಿದಂಗ. ನಾ ಮದ್ದು ಹಾಕೂವಾಕಿ ಅಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಅವತ್ತೊಂದೇ ದಿನ ನಾನು ಅವಳನ್ನು ಮನಸ್ಸಿನಲ್ಲೇ ಬೈದೆ. ಇಷ್ಟು ಜಂಬ ಯಾತಕ್ಕೆ ಬೇಕು ಇವಳಿಗೆ ಅನ್ನಿಸಿತು. ಸಂಜೆಯವರೆಗೆ ಹಿತ್ತಲ ಬಾಗಿಲಿಗೆ ಕಣ್ಣು ನೆಟ್ಟು ಕೂತೆ. ಯಾರೂ ಬರಲಿಲ್ಲ.

ಅದರ ಮರುದಿನ ಬೆಳಿಗ್ಗೆ ಹತ್ತು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಹಳ್ಳ ದಾಟಿದೆ. ರೊಟ್ಟಿಗೆ ತಡೆ ಇರಲಿಲ್ಲವಲ್ಲ. ತಮ್ಮನಿಗೆ ಕೊಟ್ಟು ಬರುತ್ತೇನೆ ಅಂದೆ, ಬಿಟ್ಟರು. ತಿಪ್ಪಣ್ಣ ಸೊರಗಿದ್ದ. ಗಡ್ಡ ಬಂದಿತ್ತು. ರೊಟ್ಟಿ ಮುರಿದು ಬಾಯಲ್ಲಿಟ್ಟುಕೊಂಡು ನುಂಗಲಾರದೆ ನೀರು ಕುಡಿದ.

"ಭಾವ ಹೆಂಗದಾನ?" ಅಂತ ಕೇಳಿದ.

"ನಿನ್ನಂಗ. ಬಂದೂಕು ಒರೆಸಿಕೊಂತ ಕುಂತಾನ."

ನಾನು ಎದ್ದು ನೇರವಾಗಿ ಅಡಿಗೆಯ ಚಪ್ಪರಕ್ಕೆ ಹೋದೆ. ಹಸನಸಾಬ ಅನ್ನುವ ದೊಡ್ಡ ಹೊಟ್ಟೆಯ ಮನುಷ್ಯ ಒಲೆಯ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದ. ಪಕ್ಕದಲ್ಲಿ ಕಬ್ಬಿಣದ ಪೆಟ್ಟಿಗೆ. ನಾನು ಮೂಗು ಮುಚ್ಚಿಕೊಂಡೆ.

"ಸಾಬರ, ನಾಳೆ ಸಾಯೂ ಮಕ್ಕಳಿಗೆ ಒಂದ ಗುಟುಕು ಮಜ್ಜಿಗಿ ಇಲ್ಲದ ಕಳಸ್ತೀರೇನು? ನೀವು ಅಡಿಗಿ ಮಾಡೂವರೇನು, ನೀರು ಕಾಸೂವರೇನು?"

"ಬಾಯಿ ಮುಚ್ಚವಾ. ಯಾರರೆ ಕೇಳ್ಯಾರು."

"ವಾಸನಿ ಊರ ತುಂಬ ಹೊಡ್ಯಾಕತ್ತೈತಿ. ನಾ ಬಾಯಿ ಮುಚ್ಚಿದ್ರ ಪೆಟ್ಟಿಗಿ ಬಾಯಿ ಮುಚ್ಚೂದೇನು? ನಮ್ಮ ಊರಾಗ ಹೆಪ್ಪು ಸತ್ರ ನಾಚಗೊಂಡು ಕೂಡೂದಿಲ್ಲ. ತಂಬಿಗಿ ತಗೊಂಡು ಬಾಜೂ ಮನಿಗೆ ಹೋಗ್ತಾರ."

ಇಷ್ಟೇ ಹೇಳಿದ್ದು. ಯಾವ ಮನೆ ಅಂತ ಹೇಳಲಿಲ್ಲ, ಬನ್ನಿ ಅಂತ ಕರೆಯಲಿಲ್ಲ. ಕೇಳುವುದು ಅವನ ಕೆಲಸ. ಕೆಟ್ಟ ಅಡಿಗೆಯವನಾಗಿದ್ದರೆ ಸುಮ್ಮನಿರುತ್ತಿದ್ದ. ಹಸನಸಾಬನಿಗೆ ತನ್ನ ಕೈಗುಣದ ಅಭಿಮಾನ ಇತ್ತು, ಅದು ನಮ್ಮ ಪುಣ್ಯ. ಹೊತ್ತು ಇಳಿಯುವ ಸಮಯಕ್ಕೆ ಅವನ ಹೊಟ್ಟೆ ಮೊದಲು, ಅವನು ಆಮೇಲೆ, ನಮ್ಮ ಹಿತ್ತಲ ಬಾಗಿಲಲ್ಲಿ ಕಾಣಿಸಿದ. ಕೈಯಲ್ಲಿ ತಂಬಿಗೆ. "ಅಕ್ಕಾ, ಒಂದಿಷ್ಟು ಹೆಪ್ಪು ಕೊಡ್ರಿ," ಅಂದ. ಹೂವಕ್ಕ ಸೌಟು ಎತ್ತಿದಳು. ನಾನು ಒಲೆಯ ಹಿಂದೆ ಹೋಗಿ ಅತ್ತೆ, ಬಾಯಿಗೆ ಸೆರಗು ತುರುಕಿಕೊಂಡು.

ಮೂರನೆಯ ದಿನ ಬಿಸಿಲು ಕಾದ ಹಂಚಾಗಿತ್ತು. ಎರಡೂ ಬಿಡಾರದಲ್ಲಿ ಸಿಪಾಯಿಗಳು ರೊಟ್ಟಿ ಉಂಡು, ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿದ ಮಜ್ಜಿಗೆ ಹೊಟ್ಟೆ ತುಂಬ ಕುಡಿದರು. ಯಜಮಾನರೂ ಕುಡಿದರು. ಬಿಸಿಲು ತಗ್ಗಿತು. ಸಾಲು ಸಾಲಾಗಿ ಸೇತುವೆಯ ಎರಡೂ ತುದಿಗೆ ಬಂದು ನಿಂತರು. ಪೂರ್ವದ ಎರಡನೆಯ ಸಾಲಿನಲ್ಲಿ ಭರಮಪ್ಪ, ಪಶ್ಚಿಮದ ಮುಂಚೂಣಿಯಲ್ಲೇ ತಿಪ್ಪಣ್ಣ. ನಾವು ಖಾನಾವಳಿಯ ಕಟ್ಟೆಯ ಮೇಲೆ ನಿಂತಿದ್ದೆವು. ಊರಿಗೆ ಊರೇ ನಿಂತಿತ್ತು.

ವಕೀಲರು "ಹೊಡೀರಿ" ಅಂದರು. ಸುಬೇದಾರರೂ "ಹೊಡೀರಿ" ಅಂದರು. ಯಾರೂ ಹೊಡೆಯಲಿಲ್ಲ. ಬಂದೂಕುಗಳು ಒಂದೊಂದಾಗಿ ಮಣ್ಣಿಗೆ ತಾಗಿ ನಿಂತವು. ಸಾವಿರಾರು ತೋಳು, ಒಂದೂ ಏಳಲಿಲ್ಲ. ಸಿಪಾಯಿಗಳು ತಮ್ಮ ಕೈಯನ್ನು ತಾವೇ ನೋಡಿಕೊಳ್ಳುತ್ತಿದ್ದರು. ದೂರದ ಊರುಗಳಿಂದ ಬಂದವರಿಗೆ ಗಾಬರಿ; ನಮ್ಮ ಊರಿನವರಿಗೆ ಅರ್ಥವಾಯಿತು. ಭರಮಪ್ಪ ತಲೆ ಎತ್ತಿ ನನ್ನ ಕಡೆ ನೋಡಿದ. ಆಮೇಲೆ ಸೇತುವೆಯ ಆಚೆಗೆ ನೋಡಿ ಕೂಗಿದ:

"ತಿಪ್ಪ್ಯಾ, ಆ ಟಗರು ಕುಂಟ ಇತ್ತಲೇ."

"ನಿನ್ನ ಮನಿಗೆ ಬಂದ ಮ್ಯಾಲೆ ಕುಂಟ ಆತು," ಅಂತ ಆಚೆಯಿಂದ ಉತ್ತರ ಬಂತು.

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಗು ಎರಡೂ ಸಾಲಿನಲ್ಲಿ ಹರಿದಾಡಿತು. ಮೂರು ವರ್ಷದಿಂದ ನಗದೆ ಇದ್ದ ಬಾಯಿಗಳು. ಸುಬೇದಾರರು ಪಿಸ್ತೂಲಿಗೆ ಕೈ ಹಾಕಿದರು. ಕೈ ಸೊಂಟದವರೆಗೆ ಹೋಯಿತು, ಮೇಲೆ ಬರಲಿಲ್ಲ. ವಕೀಲರ ಮುಖ ಬಿಳಿಚಿತು. ಇಬ್ಬರೂ ಒಟ್ಟಿಗೆ ನಮ್ಮ ಕಟ್ಟೆಯ ಕಡೆ ತಿರುಗಿದರು.

ಹೂವಕ್ಕ ಯಾರೂ ಕರೆಯುವ ಮೊದಲೇ ಕೆಳಗಿಳಿದು ಸೇತುವೆಯ ನಡುವೆ ಹೋಗಿ ನಿಂತಳು. ಕೈಯಲ್ಲಿ ಸೌಟು ಇತ್ತು, ಇಡಲು ಮರೆತಿದ್ದಳೋ ಏನೋ. ಬೆನ್ನು ನೆಟ್ಟಗೆ. ಆ ಹೊತ್ತು ನನಗೆ ಅವಳ ಹತ್ತಿರ ರೊಟ್ಟಿ ಬಡಿಯುವವಳು ನಾನು ಅಂತ ಹೇಳಿಕೊಳ್ಳಬೇಕು ಅನ್ನಿಸಿತು, ಯಾರಿಗಾದರೂ, ಜೋರಾಗಿ.

"ಮೊಸರು ಬಡಸಿದಿಯೇನು?" ಅಂತ ವಕೀಲರು ಕೇಳಿದರು.

"ಇಲ್ಲ. ಬಡಸೂದಿಲ್ಲ ಅಂದಿದ್ದೆ, ಬಡಸಿಲ್ಲ. ಹೆಪ್ಪು ಕೇಳಿದ್ರು, ಕೊಟ್ಟೀನಿ. ಅದನ್ನೂ ನಿಮಗ ಮೊದಲ ಹೇಳಿದ್ದೆ."

"ಯಾರು ಕೇಳಿದ್ರು?"

"ಹೆಪ್ಪು ತಗೊಂಡವರ ಹೆಸರು ಹೇಳೂ ಪದ್ಧತಿ ಇಲ್ಲ ನಮ್ಮಲ್ಲಿ."

ಅವರು ಅವಳ ಮೇಲೆ ಕೈ ಎತ್ತಲಾರರು. ಅವಳ ಹೊಟ್ಟೆಯಲ್ಲೂ ಅದೇ ಹೆಪ್ಪು. ಆದರೆ ಗಡಿಗೆಗೆ ಹೊಟ್ಟೆ ಎಲ್ಲಿದೆ? ಸುಬೇದಾರರು ಖಾನಾವಳಿಗೆ ನುಗ್ಗಿ ಆ ಕರಿ ಗಡಿಗೆಯನ್ನು ಒದ್ದರು. ಅಜ್ಜಿಯ ಅಜ್ಜಿಯಿಂದ ಬಂದ ಗಡಿಗೆ ಎರಡು ಹೋಳಾಯಿತು. ಮೊಸರು ನೆಲದ ಮೇಲೆ ಹರಿದು ಒಲೆಯ ಬೂದಿಗೆ ಸೇರಿತು. ಅಷ್ಟಕ್ಕೇ ಬಿಡಲಿಲ್ಲ. ಊರಿನ ಮನೆಮನೆಗೂ ಹೋಗಿ ಎಲ್ಲ ಮೊಸರಿನ ಗಡಿಗೆಗಳನ್ನೂ, ಬಿಡಾರದಲ್ಲಿ ಉಳಿದ ಮಜ್ಜಿಗೆಯನ್ನೂ ಹಳ್ಳಕ್ಕೆ ಸುರಿಸಿದರು. ಹಳ್ಳದ ನೀರು ಬೆಳ್ಳಗಾಗಿ ಹೋಯಿತು. ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ನನ್ನ ತವರಿನಿಂದ ತಂದು ಬೆರೆಸಿದ್ದೂ ಅವತ್ತೇ ಹೋಯಿತು.

"ನಾಳೆಯಿಂದ ರಾಷ್ಟ್ರೀಯ ಹೆಪ್ಪಿನ ಮೊಸರು ಬಿಟ್ಟು ಬೇರೆ ಏನೂ ಇಲ್ಲ," ಅಂತ ಎರಡೂ ಕಡೆ ಹುಕುಂ ಆಯಿತು. ಕಬ್ಬಿಣದ ಪೆಟ್ಟಿಗೆಗಳ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಬೀಗ ಇತ್ತು, ಮುದ್ರೆ ಇತ್ತು, ಕಾವಲಿನವ ಇದ್ದ. ಇನ್ನೇನು ಬೇಕು?

ಮರುದಿನ ಮತ್ತೆ ಸಾಲಾಗಿ ನಿಂತರು. ಕೈ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಎಂಟು ದಿನ ಹೀಗೇ ಆಯಿತು. ಕಲ್ಲಪ್ಪನೂ ಹಸನಸಾಬನೂ ಹುಕುಂ ಪ್ರಕಾರ ದಿನಾ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಿಂದ ಸೌಟು ತೆಗೆದು ಹಾಲಿಗೆ ಹಾಕುತ್ತಿದ್ದರು, ಹೊಸ ಮೊಸರನ್ನು ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದರು. ಯಜಮಾನರು ವೈದ್ಯರನ್ನು ಕರೆಸಿದರು, ನೀರು ಪರೀಕ್ಷೆ ಮಾಡಿಸಿದರು, ಗಾಳಿಯ ದಿಕ್ಕು ನೋಡಿಸಿದರು. ಸಿಪಾಯಿಗಳು ಸಂಜೆಯ ಹೊತ್ತು ಸೇತುವೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಊರಿನ ಸುದ್ದಿ ಮಾತಾಡಲು ಕಲಿತರು.

ಆದರೆ ಹೂವಕ್ಕ ಒಡೆದ ಗಡಿಗೆಯ ಹೋಳುಗಳನ್ನು ಮುಂದೆ ಇಟ್ಟುಕೊಂಡು ಕೂತವಳು ಎದ್ದಿರಲಿಲ್ಲ. ಒಣ ರೊಟ್ಟಿಯನ್ನು ನೀರಲ್ಲಿ ನೆನೆಸಿ ತಿನ್ನುತ್ತಿದ್ದಳು, ಅದೂ ನಾನು ಬೈದರೆ. ಹಾಲು ಒಲೆಯ ಮೇಲೆ ಕಾಯುತ್ತಿತ್ತು, ಹಾಗೇ ಕೆಡುತ್ತಿತ್ತು.

"ಬಿಡಾರಕ್ಕೆ ಹೋಗಿ ಕೇಳೋಣ ಬಾ. ನಿನ್ನದೇ ಹೆಪ್ಪು ಅಲ್ಲಿ ಐತಿ," ಅಂದೆ.

"ಕೊಟ್ಟು ಗೊತ್ತು ನನಗ. ಕೇಳಿ ಗೊತ್ತಿಲ್ಲ," ಅಂದಳು. ಮೊದಲ ಸಲ ಅವಳ ಬೆನ್ನು ಬಾಗಿದ್ದು ಕಂಡೆ. ನೋಡಲು ಆಗಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಹಿತ್ತಾಳೆಯ ಬಟ್ಟಲು ಹಿಡಿದುಕೊಂಡು ನಾನೇ ಪೂರ್ವದ ಬಿಡಾರಕ್ಕೆ ಹೋದೆ. ಹಿತ್ತಲ ಬಾಗಿಲಿಗಲ್ಲ. ನೇರ ವಕೀಲರ ಡೇರೆಗೆ. ಅವರು ಕಾಗದಗಳ ನಡುವೆ ಗಡ್ಡ ಬಿಟ್ಟುಕೊಂಡು ಕೂತಿದ್ದರು.

"ಏನು?"

"ಹೆಪ್ಪು ಬೇಕಾಗಿತ್ರಿ ಒಂದಿಷ್ಟು. ನೀವು ಊರಿನದೆಲ್ಲ ಚೆಲ್ಲಿದ್ರಲ್ಲ. ಹೂವಕ್ಕ ಒಂಬತ್ತು ದಿನ ಆತು ಮೊಸರು ಕಂಡಿಲ್ಲ."

ಅವರು ನನ್ನ ಬಟ್ಟಲನ್ನು ನೋಡಿದರು. ಐದು ವರ್ಷ ಈ ಊರಿನಲ್ಲಿ ಉಂಡವರು. ಕೇಳಿದವರಿಗೆ ಇಲ್ಲ ಅನ್ನಬಾರದು ಅನ್ನುವುದು ಅವರಿಗೂ ಗೊತ್ತು. ಪೆಟ್ಟಿಗೆ ತರಿಸಿದರು. ಹಿಂದೆಯೇ ಕಲ್ಲಪ್ಪ ಬಂದ. ವಕೀಲರು ತಾವೇ ಮುದ್ರೆ ಒಡೆದು, ಬೀಗ ತೆಗೆದು, ಚಮಚ ಅದ್ದಿ ನನ್ನ ಬಟ್ಟಲಿಗೆ ಹಾಕಿದರು.

"ರಾಷ್ಟ್ರೀಯ ಹೆಪ್ಪು. ಹೂವಕ್ಕಗ ಹೇಳು, ನಮ್ಮದು ಅಂತ," ಅಂದರು, ತುಸು ಬಿಗುಮಾನದಲ್ಲೇ.

ಚಮಚದ ಅಂಚಿಗೆ ಅಂಟಿದ್ದು ಅವರ ಬೆರಳಿಗೆ ತಾಗಿತ್ತು. ಒರೆಸಿಕೊಳ್ಳಲು ಏನೂ ಕಾಣದೆ ಬೆರಳನ್ನು ಬಾಯಿಗೆ ಇಟ್ಟರು. ಶುಂಠಿ ಇಲ್ಲ, ಮೆಣಸಿನಕಾಯಿ ಇಲ್ಲ, ಬರೀ ಮೊಸರು. ಬೆರಳು ಬಾಯಲ್ಲೇ ನಿಂತಿತು. ಅವರ ಮುಖ ಸಣ್ಣ ಹುಡುಗನದಾಯಿತು, ಆಮೇಲೆ ಮುದುಕನದಾಯಿತು. ಕಲ್ಲಪ್ಪ ಕಣ್ಣು ಮುಚ್ಚಿಕೊಂಡ. ನನ್ನ ಕಥೆ ಮುಗೀತು, ಅವನ ಕಥೆಯೂ ಮುಗೀತು ಅಂದುಕೊಂಡೆ.

ವಕೀಲರು ಮತ್ತೆ ಚಮಚ ಅದ್ದಿ ನನ್ನ ಬಟ್ಟಲಿಗೆ ಇನ್ನೊಂದು ಸಲ ಹಾಕಿದರು. ಪೆಟ್ಟಿಗೆ ಮುಚ್ಚಿದರು, ಬೀಗ ಹಾಕಿದರು. ಅರಗು ಕಾಯಿಸಿ ತಮ್ಮ ಉಂಗುರ ಒತ್ತಿ ಮುದ್ರೆ ಹಾಕಿದರು. ಕಾವಲಿನವನಿಗೆ ಹೇಳಿದರು: "ಇವತ್ತಿನಿಂದ ಇದಕ್ಕ ನಾಲ್ಕು ಮಂದಿ ಕಾವಲು. ದಿನಾ ಹೊಸಾ ಹಾಲು ತಪ್ಪಬಾರದು. ಇದನ್ನ ಚೆಲ್ಲಬೇಕು ಅಂತ ಯಾರು ಹೇಳಿದ್ರೂ ಕೇಳಬಾರದು. ನಾನು ಹೇಳಿದ್ರೂ."

ನಾನು ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಮೆಲ್ಲಗೆ ಕರೆದರು.

"ಬಾಳವ್ವ. ಹೂವಕ್ಕಗ ಹೇಳು, ಈಗ ಉಳ್ಳಾಗಡ್ಡಿ ತಿಂತೀನಿ ಅಂತ."

ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಬಂದೆ. ದಾರಿಯಲ್ಲಿ ಸಿಕ್ಕವರೆಲ್ಲ ಏನೂ ಕೇಳದೆ ಬದಿಗೆ ಸರಿದು ಜಾಗ ಬಿಟ್ಟರು. ಹೂವಕ್ಕನ ಮುಂದೆ ಬಟ್ಟಲಿಟ್ಟೆ, ಆದದ್ದೆಲ್ಲ ಹೇಳಿದೆ, ಉಳ್ಳಾಗಡ್ಡಿಯ ಮಾತನ್ನೂ ಹೇಳಿದೆ. ಅವಳು ಕೇಳಿದಳೋ ಇಲ್ಲವೋ. ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಹುಳಿ ಬಂದೈತಿ," ಅಂದಳು. "ಎಂಟೊಂಬತ್ತು ದಿನ ಗಂಡಸರ ಕೈಯಾಗ ಇತ್ತಲ್ಲ."

ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಮೇಲಿನ ಹಾಲಿಗೆ ಬೆರಳಿಟ್ಟು ಬಿಸಿ ನೋಡಿದಳು. ಬೆನ್ನು ನೆಟ್ಟಗಾಗಿತ್ತು.

ದೇಶ ಇನ್ನೂ ಎರಡೇ ಇದೆ. ಕುರ್ಚಿಯ ಜಗಳ ಕಾಗದದ ಮೇಲೆ ನಡೆದಿದೆ ಅನ್ನುತ್ತಾರೆ. ಆದರೆ ಎರಡೂ ರಾಜಧಾನಿಗಳಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ, ಬಂದೂಕಿನ ಕಾವಲಿನಲ್ಲಿ, ಮುದ್ರೆಯ ಕೆಳಗೆ ಇರುವುದು ನಮ್ಮ ಹೂವಕ್ಕನ ಹೆಪ್ಪು. ಸಿಪಾಯಿಗಳು ಮನೆಗೆ ಹೋಗುವಾಗ ತಂಬಿಗೆಯಲ್ಲಿ ಕೇಳಿ ತೆಗೆದುಕೊಂಡು ಹೋಗಿದ್ದಾರೆ, ಅದು ಈಗ ಎಷ್ಟು ಮನೆಗಳಲ್ಲಿದೆಯೋ ನನಗೆ ತಿಳಿಯದು. ನಮ್ಮ ಸೇತುವೆಯ ಮೇಲೆ ಇವತ್ತಿನವರೆಗೂ ಒಂದು ಗುಂಡು ಹಾರಿಲ್ಲ. ಭರಮಪ್ಪನೂ ತಿಪ್ಪಣ್ಣನೂ ಮನೆಗೆ ಬಂದಿದ್ದಾರೆ. ಇವತ್ತು ಇಬ್ಬರೂ ಬೆಳಿಗ್ಗೆಯಿಂದ ಮಜ್ಜಿಗೆ ಮುಟ್ಟಿಲ್ಲ ಅಂತ ಗೊತ್ತಾಯಿತು. ಟಗರಿನ ವಿಷಯ ಸಂಜೆಗೆ ಇತ್ಯರ್ಥ ಮಾಡುತ್ತಾರಂತೆ. ನಾನು ಇಬ್ಬರನ್ನೂ ಖಾನಾವಳಿಗೆ ಊಟಕ್ಕೆ ಕರೆದಿದ್ದೇನೆ.